ಎರಡು ಹಡಗುಗಳ ನಡುವೆ ಒಂದು ಊರು

ಸ್ಪೇನಿನ ಬಾರ್ಸಿಲೋನಾ ಬಂದರಿನಲ್ಲಿ ಬೇಸಿಗೆಯ ಬೆಳಿಗ್ಗೆ ಏಳೆಂಟು ಗಂಟೆಯ ಹೊತ್ತಿಗೆ ಮೂರು-ನಾಲ್ಕು ಕ್ರೂಸ್ ಹಡಗುಗಳು ಒಟ್ಟಿಗೆ ಬಂದು ನಿಲ್ಲುವುದು ಮಾಮೂಲಿ ಸಂಗತಿ. ಇಳಿಯುವ ಸಾವಿರಾರು ಜನ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಅವರಲ್ಲಿ ಎರಡು ಬಗೆಯವರಿದ್ದಾರೆ. ಹಿಂದಿನ ರಾತ್ರಿಯೇ ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಟ್ಟು, ಬೆಳಿಗ್ಗೆ ಟರ್ಮಿನಲ್‌ನಲ್ಲಿ ಅದನ್ನು ಹುಡುಕಿ ಎಳೆದುಕೊಂಡು ಹೊರಡುವವರು ಯಾನ ಮುಗಿಸಿದವರು. ಹೆಗಲಿಗೊಂದು ಸಣ್ಣ ಚೀಲ, ಕೈಯಲ್ಲೊಂದು ನೀರಿನ ಬಾಟಲಿ ಹಿಡಿದು ಇಳಿಯುವವರು ಸಂಜೆ ಮತ್ತೆ ಅದೇ ಹಡಗು ಹತ್ತಿ ಮುಂದಿನ ಊರಿಗೆ ಹೋಗುವವರು. ಇವರ ನಡುವೆ ಬಂದರಿನ ಲೆಕ್ಕದಲ್ಲಿ ಬೇರೆಯಾಗಿ ಕಾಣದ ಮೂರನೆಯ ಸಣ್ಣ ಗುಂಪೊಂದಿದೆ. ಇಂದು ಒಂದು ಯಾನ ಮುಗಿಸಿ, ಎರಡು ದಿನ ಬಿಟ್ಟು ಅದೇ ಬಂದರಿನಿಂದ ಇನ್ನೊಂದು ಯಾನಕ್ಕೆ ಹೊರಡುವವರು ಅವರು. ನಡುವಿನ ಎರಡು ದಿನವನ್ನು ಪ್ರವಾಸದ ಏಜೆಂಟರೂ ಪ್ರಯಾಣಿಕರೂ ಸಾಮಾನ್ಯವಾಗಿ ಕಾಯುವ ಹೊತ್ತು ಎಂದೇ ಎಣಿಸುತ್ತಾರೆ. ವಿಮಾನ ನಿಲ್ದಾಣದ ಹತ್ತಿರ ಒಂದು ಹೋಟೆಲು, ಒಂದು ಸುತ್ತು ಶಾಪಿಂಗ್, ಮತ್ತೆ ಹಡಗು. ಈ ಎಣಿಕೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಕ್ರೂಸ್ ಪ್ರವಾಸವೊಂದರಲ್ಲಿ ಪ್ರಯಾಣಿಕನಿಗೆ ಊರು ನಿಜವಾಗಿ ದಕ್ಕುವುದೂ ಊರಿಗೆ ಪ್ರಯಾಣಿಕನಿಂದ ಏನಾದರೂ ದಕ್ಕುವುದೂ ಈ ಎರಡು ದಿನಗಳಲ್ಲೇ. ಹಾಗಾಗಿ ಯಾನಗಳ ನಡುವೆ ಉಳಿದ ದಿನಗಳಲ್ಲಿ ಊರು ನೋಡುವ ಬದಲು, ಊರಿನ ದಿನಗಳನ್ನು ಮೊದಲು ಗೊತ್ತುಮಾಡಿಕೊಂಡು ಅವುಗಳ ಆಚೆ ಈಚೆ ಯಾನಗಳನ್ನು ಜೋಡಿಸಬೇಕು.

ಹಡಗು ಒಂದು ಹಗಲಿಗೆ ಮಾತ್ರ ನಿಲ್ಲುವ ಊರಿನಲ್ಲಿ ಪ್ರಯಾಣಿಕನ ಕೈಗೆ ಸಿಗುವ ಸಮಯ ಎಷ್ಟು ಎಂದು ಲೆಕ್ಕ ಹಾಕಿದರೆ ವಿಷಯ ಅರ್ಧ ಸ್ಪಷ್ಟವಾಗುತ್ತದೆ. ಹಡಗು ಎಂಟಕ್ಕೆ ಕಟ್ಟೆಗೆ ಬಂತು ಎಂದುಕೊಳ್ಳೋಣ. ಬಂದರಿನ ಅಧಿಕಾರಿಗಳು ಅನುಮತಿ ಕೊಟ್ಟು ಏಣಿ ಇಳಿಸುವವರೆಗೆ ಯಾರೂ ಕೆಳಗೆ ಕಾಲಿಡುವಂತಿಲ್ಲ. ಅದಾದ ಮೇಲೆ ಕಂಪನಿಯ ಪ್ಯಾಕೇಜು ಕೊಂಡವರ ಬಸ್ಸುಗಳು ಮೊದಲು, ಉಳಿದವರ ಸಾಲು ಆಮೇಲೆ. ಬಾರ್ಸಿಲೋನಾದ ದೊಡ್ಡ ಹಡಗುಗಳು ನಿಲ್ಲುವ ಅದೋಸಾತ್ ಕಟ್ಟೆ ಸಮುದ್ರಕ್ಕೆ ಚಾಚಿಕೊಂಡ ಉದ್ದನೆಯ ಕಟ್ಟೆ. ಅಲ್ಲಿಂದ ಸೇತುವೆ ದಾಟಿ ಕೊಲಂಬಸ್ ಸ್ತಂಭದ ಬುಡಕ್ಕೆ ಬರಲು ಬಂದರಿನ ಬಸ್ಸನ್ನೋ ಟ್ಯಾಕ್ಸಿಯನ್ನೋ ಕಾಯಬೇಕು. 1888ರ ವಿಶ್ವ ಪ್ರದರ್ಶನಕ್ಕಾಗಿ ನಿಲ್ಲಿಸಿದ ಆ ಸ್ತಂಭದಿಂದಲೇ ಲಾ ರಾಂಬ್ಲಾ ಎಂಬ ಹೆಸರಾಂತ ಬೀದಿ ಶುರುವಾಗುತ್ತದೆ. ಸಂಜೆ ಐದಕ್ಕೋ ಆರಕ್ಕೋ ಹಡಗು ಬಿಡುವುದಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲೇ ಒಳಗಿರಬೇಕು. ತಡವಾಗಬಹುದೆಂಬ ಭಯಕ್ಕೆ ಹೆಚ್ಚಿನವರು ಅದಕ್ಕೂ ಒಂದು ಗಂಟೆ ಮೊದಲೇ ವಾಪಸಾಗುತ್ತಾರೆ. ಕೊನೆಗೆ ಊರಿಗೆ ಉಳಿಯುವುದು ಐದೋ ಆರೋ ಗಂಟೆ. ಸಗ್ರಾದಾ ಫಮಿಲಿಯಾ ಚರ್ಚಿನ ಒಳಗೆ ಹೋಗಲು ಇಂಥ ಹೊತ್ತಿಗೆ ಎಂದು ಗೊತ್ತುಮಾಡಿದ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಂಡಿರಬೇಕು. ಅದಿಲ್ಲದವರು ಬೀದಿಯಲ್ಲಿ ನಿಂತು ಗೋಪುರಗಳ ಫೋಟೊ ತೆಗೆದುಕೊಂಡು, ರಾಂಬ್ಲಾದಲ್ಲಿ ಓಡಾಡಿ, ಬೊಕೆರಿಯಾ ಮಾರುಕಟ್ಟೆಯ ಬಾಗಿಲಲ್ಲಿ ಹಣ್ಣಿನ ರಸ ಕುಡಿದು ಹಿಂತಿರುಗುತ್ತಾರೆ. ಹೊತ್ತೇ ಅಷ್ಟಿರುವುದರಿಂದ ಎಲ್ಲರೂ ಅದೇ ಮೂರು ಜಾಗಗಳಿಗೆ ಅದೇ ವೇಳೆಗೆ ಹೋಗುತ್ತಾರೆ. ಇದಕ್ಕೆ ಪ್ರಯಾಣಿಕರನ್ನು ದೂರುವುದು ಸರಿಯಲ್ಲ. ವೇಳಾಪಟ್ಟಿ ಬೇರೆ ದಾರಿ ಬಿಟ್ಟಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಾರ್ಸಿಲೋನಾದ ಗಡಿಯಾರಕ್ಕೂ ಹಡಗಿನ ಗಡಿಯಾರಕ್ಕೂ ಹೊಂದಾಣಿಕೆಯೇ ಇಲ್ಲ. ಅಲ್ಲಿನವರು ಮಧ್ಯಾಹ್ನದ ಊಟಕ್ಕೆ ಕೂರುವುದು ಎರಡು ಗಂಟೆಗೆ, ಏಳುವುದು ನಾಲ್ಕರ ಸುಮಾರಿಗೆ. ಸಣ್ಣ ಅಂಗಡಿಗಳು ಎಷ್ಟೋ ಆ ಹೊತ್ತಿನಲ್ಲಿ ಬಾಗಿಲು ಹಾಕಿರುತ್ತವೆ. ಐದರ ಮೇಲೆ ಊರು ಮತ್ತೆ ಬೀದಿಗಿಳಿಯುತ್ತದೆ. ಶಾಲೆ ಬಿಟ್ಟ ಮಕ್ಕಳು, ಕೋಲೂರಿಕೊಂಡು ಬರುವ ಅಜ್ಜ ಅಜ್ಜಿಯರು, ಕೆಲಸ ಮುಗಿಸಿದವರು, ಎಲ್ಲರೂ ಚೌಕಗಳ ಬೆಂಚುಗಳಲ್ಲಿ ಸೇರುತ್ತಾರೆ. ರಾತ್ರಿಯೂಟ ಒಂಬತ್ತರ ನಂತರ. ಅಂದರೆ ಹಗಲಿನ ಪ್ರವಾಸಿ ಊರಿಗೆ ಬರುವುದು ಅದು ಇನ್ನೂ ಪೂರ್ತಿ ಎಚ್ಚರಾಗದ ಹೊತ್ತಿನಲ್ಲಿ, ತಿರುಗುವುದು ಅದು ಊಟಕ್ಕೆ ಕೂತ ಹೊತ್ತಿನಲ್ಲಿ, ಹಡಗು ಹತ್ತುವುದು ಊರು ಮಾತಿಗೆ ಕೂರುವ ಹೊತ್ತಿನಲ್ಲಿ. ಮದುವೆಗೆಂದು ಹೋಗಿ ಧಾರೆಗೆ ಮೊದಲೇ ಎದ್ದು ಬಂದ ಹಾಗೆ. ಅವನ ಮಧ್ಯಾಹ್ನದ ಊಟಕ್ಕೆ ಹಡಗಿನಲ್ಲಿ ಮೊದಲೇ ದುಡ್ಡು ಕೊಟ್ಟಾಗಿದೆ, ಹಾಗಾಗಿ ಊರಿನ ಊಟದ ಮನೆಗಳ ಬಾಗಿಲಿಗೂ ಅವನು ಹೋಗುವುದು ಕಡಿಮೆ. ಎರಡು ರಾತ್ರಿ ಉಳಿಯುವವನಿಗೆ ಈ ಎಲ್ಲವೂ ತೆರೆದುಕೊಳ್ಳುತ್ತದೆ. ಕೆಲಸದ ದಿನಗಳಲ್ಲಿ ಸಣ್ಣ ಹೋಟೆಲುಗಳು ಮಧ್ಯಾಹ್ನಕ್ಕೆ ಗೊತ್ತಾದ ಬೆಲೆಗೆ ಕೊಡುವ ಮೆನು ದೆಲ್ ದಿಯಾ ಊಟ ಹೆಚ್ಚಾಗಿ ಆ ಬೀದಿಯ ಕೆಲಸಗಾರರಿಗಾಗಿ ಮಾಡಿದ್ದು. ಮಾಂಸ ತಿನ್ನದವರಿಗೆ ಸ್ಪೇನಿನಲ್ಲಿ ಏನೂ ಸಿಗದು ಎಂದು ನಮ್ಮವರು ಅಂಜುವುದುಂಟು. ಆದರೆ ಬ್ರೆಡ್ಡಿನ ಮೇಲೆ ಹಣ್ಣು ಟೊಮ್ಯಾಟೊವನ್ನು ಕತ್ತರಿಸಿ ತಿಕ್ಕಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುವ ತಿನಿಸು ಕ್ಯಾಟಲೋನಿಯಾದ ಪ್ರತಿ ಮನೆಯದು. ಬದನೆ, ದೊಣ್ಣೆಮೆಣಸು ಸುಟ್ಟು ಸಿಪ್ಪೆ ಸುಲಿದು ಮಾಡುವ ಎಸ್ಕಾಲಿವಾದಾ, ಒಣದ್ರಾಕ್ಷಿ ಹಾಕಿ ಹುರಿದ ಪಾಲಕ್, ಎಲ್ಲವೂ ಸಿಗುತ್ತವೆ. ಕೇಳಿ, ಕೂತು, ತಿನ್ನಲು ಸಮಯ ಬೇಕು ಅಷ್ಟೇ.

ಸಮಯ ಇದ್ದರೆ ಕಾಣುವುದು ಏನು ಎಂಬುದಕ್ಕೆ ಹಳೆ ಊರಿನ ಒಂದು ಸಣ್ಣ ಚೌಕ ಸಾಕು. ದೊಡ್ಡ ಕೆಥೆಡ್ರಲ್ಲಿನಿಂದ ಎರಡು ಮೂರು ನಿಮಿಷದ ನಡಿಗೆಯಲ್ಲಿ, ಒಂದು ಕಿರಿದಾದ ಓಣಿಯ ಕೊನೆಗೆ, ಸಾಂತ್ ಫೆಲಿಪ್ ನೆರಿ ಎಂಬ ಚೌಕವಿದೆ. ನಡುವೆ ಒಂದು ಕಾರಂಜಿ, ಒಂದೆರಡು ಮರ, ಒಂದು ಮಗ್ಗುಲಿಗೆ ಚರ್ಚು. ಆ ಚರ್ಚಿನ ಗೋಡೆಯ ಕೆಳಭಾಗ ಆಳುದ್ದದವರೆಗೆ ಕಿತ್ತು ಹೋಗಿದೆ. ಕಲ್ಲಿನಲ್ಲಿ ಮುಷ್ಟಿ ಹಿಡಿಸುವಷ್ಟು ದೊಡ್ಡ ಕುಳಿಗಳು, ಅವುಗಳ ಸುತ್ತ ಚಿಕ್ಕ ಚಿಕ್ಕ ತೂತುಗಳು. 1938ರ ಜನವರಿ 30ರಂದು, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, ಫ್ರಾಂಕೋನ ಪರವಾಗಿ ಬಂದ ಇಟಲಿಯ ವಿಮಾನಗಳು ಇಲ್ಲಿ ಬಾಂಬು ಹಾಕಿದವು. ಸತ್ತವರು 42 ಮಂದಿ. ಹೆಚ್ಚಿನವರು ಚರ್ಚಿನ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದ ಮಕ್ಕಳು. ಫ್ರಾಂಕೋನ ಆಳ್ವಿಕೆ ನಡೆದಷ್ಟು ಕಾಲ ಈ ಗುರುತುಗಳಿಗೆ ಬೇರೆಯೇ ಕತೆ ಹಬ್ಬಿತ್ತು. ಎದುರಾಳಿಗಳು ಪಾದ್ರಿಗಳನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದ ಗುರುತು ಎನ್ನಲಾಗುತ್ತಿತ್ತು. ಈಗ ಗೋಡೆಯ ಮೇಲೆ ಸತ್ತವರ ನೆನಪಿಗೆ ಫಲಕವಿದೆ. ಚೌಕದ ಪಕ್ಕದಲ್ಲೇ ಶಾಲೆಯೊಂದಿದೆ, ಬಿಡುವಿನ ವೇಳೆಯಲ್ಲಿ ಅದರ ಮಕ್ಕಳು ಇದೇ ಚೌಕದಲ್ಲಿ ಆಡುತ್ತಾರೆ. ಮಾರ್ಗದರ್ಶಿಯ ಹಿಂದೆ ಬಂದ ಗುಂಪೂ ಇಲ್ಲಿಗೆ ಬಂದು ಐದು ನಿಮಿಷ ನಿಂತು ಹೋಗುತ್ತದೆ. ಆದರೆ ಯಾವುದೋ ಯುದ್ಧದ ಸಂಗತಿಯಾಗಿ ಕೇಳಿಸಿದ್ದು ಈ ಊರಿನ ಸ್ವಂತ ನೋವಾಗಿ ತಿಳಿಯಬೇಕಾದರೆ, ಬೆಟ್ಟದ ಬುಡದ ಪೋಬ್ಲೆ ಸೆಕ್ ಕೇರಿಯಲ್ಲಿ ಜನರೇ ಕೈಯಾರೆ ತೋಡಿಕೊಂಡ 307ನೇ ನಂಬರಿನ ಬಾಂಬು ಆಶ್ರಯ ಸುರಂಗವನ್ನೂ ನೋಡಬೇಕು. ಅದು ತೆರೆಯುವ ದಿನ ವಾರದಲ್ಲಿ ಕೆಲವೇ. ಐದು ಗಂಟೆಯ ಪ್ರವಾಸಿಗೆ ಅದು ಸಿಗುವುದಿಲ್ಲ.

ಎರಡು ಹಡಗುಗಳ ನಡುವೆ ಇರುವವರು ನೋಡಲೇಬೇಕಾದ ಇನ್ನೊಂದು ಜಾಗವನ್ನು ಹೇಳದಿದ್ದರೆ ತಪ್ಪಾದೀತು. ಕೊಲಂಬಸ್ ಸ್ತಂಭದ ಎದುರಿಗೇ, ದಿನವೂ ಸಾವಿರಾರು ಜನ ದಾಟಿ ಹೋಗುವ ದ್ರಸಾನೆಸ್ ಎಂಬ ಕಲ್ಲಿನ ಕಮಾನುಗಳ ಕಟ್ಟಡ 13ನೇ ಶತಮಾನದಲ್ಲಿ ಆರಂಭವಾದ ರಾಜನ ಹಡಗುಕಟ್ಟೆ. ಈಗ ಅದು ಕಡಲ ವಸ್ತುಸಂಗ್ರಹಾಲಯ. ಒಳಗೆ 60 ಮೀಟರ್ ಉದ್ದದ ಒಂದು ಹುಟ್ಟಿನ ಯುದ್ಧನೌಕೆಯ ಪೂರ್ಣ ಗಾತ್ರದ ಪ್ರತಿಕೃತಿ ನಿಂತಿದೆ. ಮೂಲ ನೌಕೆ 1571ರ ಲೆಪಾಂಟೋ ಕದನದಲ್ಲಿ ಮುಂದಾಳಾಗಿತ್ತು, ಕಟ್ಟಿದ್ದು ಇದೇ ಬಾರ್ಸಿಲೋನಾದ ಹಡಗುಕಟ್ಟೆಯಲ್ಲಿ. ಹಿಂಭಾಗದಲ್ಲಿ ಚಿನ್ನದ ಬಣ್ಣದ ಕೆತ್ತನೆ, ಚಿತ್ರಗಳು. ಮುಂದಕ್ಕೆ ಬಂದರೆ ಬರಿಯ ಹಲಗೆಯ ಸಾಲು ಸಾಲು ಆಸನ, ಇನ್ನೂರಕ್ಕೂ ಹೆಚ್ಚು ಮಂದಿ ಸೆರೆಯಾಳುಗಳೂ ಗುಲಾಮರೂ ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕಿದ ಜಾಗ. ಕಡಲ ಮೇಲಿನ ವೈಭವವನ್ನು ಯಾರ ತೋಳು ಹೊತ್ತಿತ್ತು ಎಂಬ ಪ್ರಶ್ನೆ ಅಲ್ಲಿ ತಾನಾಗಿಯೇ ಏಳುತ್ತದೆ. ಇಂದಿನ ಕ್ರೂಸ್ ಹಡಗಿನ ನೌಕರ ಸಂಬಳಕ್ಕೆ ಒಪ್ಪಂದ ಮಾಡಿಕೊಂಡು ಬಂದವನು, ಅವನಿಗೆ ಹಕ್ಕುಗಳಿವೆ, ಹೋಲಿಕೆ ಸಲ್ಲದು. ಆದರೂ ಒಂದು ಯಾನ ಮುಗಿದು ಇನ್ನೊಂದು ತೊಡಗುವ ದಿನ ಅವನ ಪಾಲಿಗೆ ಎಲ್ಲಕ್ಕಿಂತ ಕಷ್ಟದ ದಿನ ಎಂಬುದನ್ನು ಪ್ರಯಾಣಿಕರು ತಿಳಿದಿರಬೇಕು. ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಕೊನೆಯ ಪ್ರಯಾಣಿಕ ಇಳಿದರೆ, ಮಧ್ಯಾಹ್ನದ ಹೊತ್ತಿಗೆ ಹೊಸಬರು ಹತ್ತಲು ಶುರು. ಆ ಎರಡು ಮೂರು ಗಂಟೆಯಲ್ಲಿ ಸಾವಿರ ಎರಡು ಸಾವಿರ ಕೋಣೆಗಳ ಹಾಸಿಗೆ ಬದಲಾಗಬೇಕು, ವಾರದ ದಿನಸಿ ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು. ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಮನೆಗಳಿಂದ ಇಂಥ ಹಡಗುಗಳಿಗೆ ದುಡಿಯಲು ಹೋದವರಿದ್ದಾರೆ. ಊರಿಗೆ ಕಾಲಿಡಲು ಅವರಿಗೆ ಸಿಕ್ಕರೆ ಒಂದೆರಡು ಗಂಟೆ.

ಪ್ರಯಾಣಿಕನ ಕಡೆಯ ಮಾತು ಇದಾಯಿತು. ಊರಿನ ಕಡೆಯಿಂದ ನೋಡಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. 1990ರಲ್ಲಿ ಬಾರ್ಸಿಲೋನಾ ಬಂದರಿಗೆ ಬಂದ ಕ್ರೂಸ್ ಪ್ರಯಾಣಿಕರು ಒಂದು ಲಕ್ಷದ ಆಸುಪಾಸು. 1992ರ ಒಲಿಂಪಿಕ್ಸ್ ಆ ಊರಿನ ಕಡಲಂಚನ್ನೇ ಬದಲಿಸಿ, ಹೆಸರನ್ನು ಲೋಕಕ್ಕೆಲ್ಲ ಹರಡಿತು. 2024ರಲ್ಲಿ ಪ್ರಯಾಣಿಕರ ಲೆಕ್ಕ 36 ಲಕ್ಷ ದಾಟಿತು. ಊರಿನ ಜನಸಂಖ್ಯೆಯೇ ಸುಮಾರು 17 ಲಕ್ಷ. ಈ 36 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಯಾನ ಹೊರಟವರು ಅಥವಾ ಇಲ್ಲಿ ಮುಗಿಸಿದವರು, ಉಳಿದ 16 ಲಕ್ಷದಷ್ಟು ಜನ ಹಗಲಿನ ಅತಿಥಿಗಳು. ಬಂದರುಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಇಲ್ಲಿ ಹಡಗು ಹತ್ತಿ ಇಲ್ಲೇ ಇಳಿಯುವ ಒಬ್ಬನೇ ವ್ಯಕ್ತಿಯನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಎಣಿಸುತ್ತಾರೆ. ಇದನ್ನು ಗಮನಿಸಿದರೆ ತಲೆ ಎಣಿಕೆಯಲ್ಲಿ ಹಗಲಿನ ಅತಿಥಿಗಳ ಪಾಲು ಮೇಲ್ನೋಟಕ್ಕಿಂತ ಬಹಳ ದೊಡ್ಡದು. ಊರಿನವರ ಸಿಟ್ಟು ಹೆಚ್ಚಾಗಿ ತಿರುಗಿರುವುದೂ ಈ ಬಗೆಯ ಭೇಟಿಯ ಮೇಲೆ. ಕ್ಯಾಟಲೋನಿಯಾದ ಪ್ರವಾಸಿ ತೆರಿಗೆಯಲ್ಲೇ ಈ ಭೇದವಿದೆ. 12 ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿಲ್ಲುವ ಹಡಗಿನ ಪ್ರಯಾಣಿಕನ ಮೇಲೆ ಹೆಚ್ಚಿನ ದರ, ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವವನ ಮೇಲೆ ಕಡಿಮೆ. 2024ರ ಜುಲೈನಲ್ಲಿ ಊರಿನ ಮೇಯರ್ ಜಾವುಮೆ ಕುಲ್‌ಬೋನಿ ಕೆಲವೇ ಗಂಟೆ ನಿಂತು ಹೋಗುವವರ ತೆರಿಗೆಯನ್ನು ಇನ್ನಷ್ಟು ಏರಿಸುವ ಮಾತಾಡಿದರು. ಅದೇ ತಿಂಗಳು ಪ್ರತಿಭಟನಾಕಾರರು ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ ಚಿತ್ರಗಳು ಲೋಕವೆಲ್ಲ ಸುತ್ತಿದವು. 2025ರ ಜುಲೈನಲ್ಲಿ ನಗರಾಡಳಿತ ಮತ್ತು ಬಂದರು ಒಪ್ಪಂದ ಮಾಡಿಕೊಂಡು, 2030ರೊಳಗೆ ಕ್ರೂಸ್ ಟರ್ಮಿನಲ್‌ಗಳನ್ನು ಏಳರಿಂದ ಐದಕ್ಕೆ ಇಳಿಸಲು ನಿರ್ಧರಿಸಿದವು.

ಇಷ್ಟು ಸಿಟ್ಟು ಯಾಕೆ ಎಂಬುದನ್ನು ವೆನಿಸ್ ನಗರ ಇನ್ನೂ ಚೆನ್ನಾಗಿ ತೋರಿಸುತ್ತದೆ. 1951ರಲ್ಲಿ ಆ ಹಳೆ ದ್ವೀಪನಗರದಲ್ಲಿ ಸುಮಾರು 1 ಲಕ್ಷ 75 ಸಾವಿರ ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. 2021ರ ಆಗಸ್ಟ್ 1ರಿಂದ 25,000 ಟನ್ನಿಗಿಂತ ದೊಡ್ಡ ಹಡಗುಗಳು ಸಾನ್ ಮಾರ್ಕೋ ಚೌಕದ ಮುಂದಿನ ನೀರಿನಲ್ಲೂ ಜ್ಯುಡೆಕ್ಕಾ ಕಾಲುವೆಯಲ್ಲೂ ಹಾಯಬಾರದೆಂದು ಇಟಲಿ ಸರ್ಕಾರ ನಿಷೇಧಿಸಿತು. 2024ರ ಏಪ್ರಿಲ್ 25ರಿಂದ ಜನಜಂಗುಳಿಯ ದಿನಗಳಲ್ಲಿ ವೆನಿಸ್ಸಿಗೆ ಹಗಲಿಗೆಂದು ಬರುವವರು 5 ಯೂರೋ ಪ್ರವೇಶ ಶುಲ್ಕ ಕೊಡಬೇಕಾಯಿತು. ಮರುವರ್ಷ ಅಂಥ ದಿನಗಳೂ ಹೆಚ್ಚಾದವು, ಕೊನೆ ಗಳಿಗೆಯಲ್ಲಿ ಕಾಯ್ದಿರಿಸುವವರಿಗೆ ಶುಲ್ಕ 10 ಯೂರೋ ಆಯಿತು. ಈ ನಿಯಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ವಿನಾಯಿತಿ. ರಾತ್ರಿ ಉಳಿಯುವವರು ಶುಲ್ಕ ಕೊಡಬೇಕಿಲ್ಲ, ಅವರು ಹೋಟೆಲಿನ ಮೂಲಕ ವಾಸ್ತವ್ಯದ ತೆರಿಗೆಯನ್ನು ಹೇಗೂ ಕೊಡುತ್ತಾರೆ. ಲೋಕದಲ್ಲೇ ಪ್ರವಾಸಿಗರ ಕಾಟಕ್ಕೆ ಹೆಸರಾದ ಊರು, ಬಂದವರಲ್ಲಿ ಯಾರು ಹೊರೆ, ಯಾರು ಅತಿಥಿ ಎಂದು ಯೋಚಿಸಿ ಗೆರೆ ಎಳೆದಾಗ, ಆ ಗೆರೆ ಬಿದ್ದದ್ದು ಒಂದು ರಾತ್ರಿಯ ಮೇಲೆ. ಹಗಲಿಗೆ ಬಂದವನೂ ಅದೇ ಸೇತುವೆ ತುಳಿಯುತ್ತಾನೆ, ಅದೇ ಶೌಚಾಲಯ ಬಳಸುತ್ತಾನೆ, ಅದೇ ಕಸದ ಡಬ್ಬಿ ತುಂಬಿಸುತ್ತಾನೆ. ಅವನ ಊಟ, ಮಲಗುವ ಕೋಣೆ, ಸಂಜೆಯ ಮನರಂಜನೆ ಎಲ್ಲದರ ದುಡ್ಡೂ ಹಡಗಿನ ಕಂಪನಿಗೆ ಹೋಗಿರುತ್ತದೆ. ಉಳಿದವನ ದುಡ್ಡು ಬೆಳಗಿನ ಕಾಫಿಯಂಗಡಿ, ಬಟ್ಟೆ ಒಗೆಯುವ ಅಂಗಡಿ, ಔಷಧಿ ಅಂಗಡಿ, ಮೆಟ್ರೊ, ಹಣ್ಣಿನ ಅಂಗಡಿ ಎಂದು ಚದುರಿ ಹೋಗುತ್ತದೆ. ಓಡಾಟವೂ ಹಾಗೆಯೇ ಚದುರುತ್ತದೆ, ಹತ್ತು ಗಂಟೆಗೇ ಎಲ್ಲರ ಜತೆ ನುಗ್ಗಬೇಕಾದ ಅವಸರ ಅವನಿಗಿಲ್ಲ.

ಇದಕ್ಕೆ ಪರಿಸರದ ಕಡೆಯಿಂದ ಒಂದು ಬಲವಾದ ಆಕ್ಷೇಪವಿದೆ. ಯಾನ ಶುರುವಾಗುವ ಬಂದರಿಗೆ ಜನ ಬರುವುದು ಹೆಚ್ಚಾಗಿ ವಿಮಾನದಲ್ಲಿ. ಹಾಗಾಗಿ ಹಗಲಿನ ಅತಿಥಿಗಳ ಬದಲು ಯಾನ ಹೊರಡುವವರನ್ನೇ ಹೆಚ್ಚಿಸಿದರೆ ವಿಮಾನಗಳೂ ಹೆಚ್ಚಬೇಕು, ಬಾರ್ಸಿಲೋನಾದ ವಿಮಾನ ನಿಲ್ದಾಣವನ್ನು ಪಕ್ಕದ ಜೌಗು ನೆಲದ ಕಡೆಗೆ ವಿಸ್ತರಿಸುವ ಯೋಜನೆಗೆ ಅಲ್ಲಿನ ಪರಿಸರವಾದಿಗಳು ವಿರೋಧ ಒಡ್ಡಿರುವುದೂ ಇದೇ ಕಾರಣಕ್ಕೆ. ಹಡಗಿನ ಹೊಗೆಯ ಮಾತಂತೂ ಇದ್ದೇ ಇದೆ. ಈ ಆಕ್ಷೇಪದ ತಿರುಳನ್ನು ನಾನು ಒಪ್ಪುತ್ತೇನೆ. ಕ್ರೂಸ್ ಪ್ರವಾಸವನ್ನು ಪರಿಸರಕ್ಕೆ ಹಗುರ ಎಂದು ಯಾರೂ ತೋರಿಸಿಕೊಡಲಾರರು. ಆದರೆ ನಾನು ಹೇಳುತ್ತಿರುವುದು ಇನ್ನಷ್ಟು ಜನ ಹೋಗಲಿ ಎಂದಲ್ಲ. ಹೋಗಿಯೇ ಹೋಗುವವರು ಹೇಗೆ ಹೋಗಬೇಕು ಎಂದು. ಬೆಂಗಳೂರಿನಿಂದ ಈ ವರ್ಷ ಪಶ್ಚಿಮ ಮೆಡಿಟರೇನಿಯನ್, ಎರಡು ವರ್ಷ ಬಿಟ್ಟು ಗ್ರೀಸಿನ ಕಡೆ ಎಂದು ಎರಡು ಸಲ ಹೋಗುವ ಕುಟುಂಬ ಎರಡು ಸಲ ವಿಮಾನದಲ್ಲಿ ಹೋಗಿ ಬರುತ್ತದೆ. ಅದೇ ಕುಟುಂಬ ಒಂದೇ ಸಲ ಹೋಗಿ, ಎರಡು ಯಾನಗಳ ನಡುವೆ ಎರಡು ದಿನ ಊರಿನಲ್ಲಿ ಉಳಿದರೆ ಸಾವಿರಾರು ಕಿಲೋಮೀಟರಿನ ಒಂದು ವಿಮಾನಯಾನವೇ ತಪ್ಪುತ್ತದೆ. ನಮ್ಮಂಥ ದೂರದವರ ಮಟ್ಟಿಗೆ ಜೋಡಿ ಯಾನದ ಪರವಾದ ಅತಿ ದೊಡ್ಡ ಕಾರಣ ಇದೇ.

ಇನ್ನೊಂದು ಆಕ್ಷೇಪ ಬಾರ್ಸಿಲೋನಾದವರದ್ದೇ. ಅವರ ಊರಿನಲ್ಲಿ ಮನೆ ಬಾಡಿಗೆ ಕೈಗೆಟುಕದಂತೆ ಏರಲು ರಾತ್ರಿ ಉಳಿಯುವ ಪ್ರವಾಸಿಗಳೇ ಕಾರಣ, ಹಗಲಿಗೆ ಬಂದು ಹೋಗುವವನು ಯಾರ ಮನೆಯನ್ನೂ ಕಸಿಯುವುದಿಲ್ಲ ಎಂದು ಅವರಲ್ಲಿ ಅನೇಕರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳಿಗೆ ಪ್ರವಾಸಿಗಳಿಗೆ ಬಾಡಿಗೆ ಕೊಡಲು ಇರುವ ಪರವಾನಗಿಯನ್ನು 2028ರ ನವೆಂಬರ್ ನಂತರ ಮುಂದುವರಿಸುವುದಿಲ್ಲ ಎಂದು ನಗರಾಡಳಿತ 2024ರ ಜೂನ್‌ನಲ್ಲಿ ಘೋಷಿಸಿದ್ದು ಈ ಸಂಕಟದಿಂದಲೇ. ಹಾಗಾದರೆ ಉಳಿಯುವುದೇ ಬೇಡವೇ? ನನ್ನ ಉತ್ತರ, ಎಲ್ಲಿ ಉಳಿಯುತ್ತೀರಿ ಎಂಬುದು ಮುಖ್ಯ. ಎರಡು ರಾತ್ರಿಗೆ ಅಡುಗೆಮನೆ ಇರುವ ಫ್ಲ್ಯಾಟು ಯಾರಿಗೂ ಬೇಕಿಲ್ಲ. ಹೋಟೆಲು ಎಂದೇ ಕಟ್ಟಿದ ಕಟ್ಟಡದಲ್ಲಿ ಉಳಿದರೆ ಒಂದು ಮನೆ ಊರಿನವರ ಪಾಲಿಗೆ ಉಳಿಯುತ್ತದೆ. ಹಳೆ ಊರಿನ ನಡುವೆಯೇ ಕೋಣೆ ಬೇಕೆಂಬ ಹಟವೂ ಬೇಡ. ಸಾಂಟ್ಸ್ ರೈಲು ನಿಲ್ದಾಣದ ಸುತ್ತಮುತ್ತ, ಪೋಬ್ಲೆನೌ ಕಡೆ, ಮೆಟ್ರೊ ಇರುವ ಯಾವುದೇ ಕೇರಿಯಲ್ಲಿ ಉಳಿದರೂ ಹಳೆ ಊರು ಹತ್ತು ಹದಿನೈದು ನಿಮಿಷ. ಅಲ್ಲಿ ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಸಾಲಿನಲ್ಲಿ ನಿಂತವರಲ್ಲಿ ಪ್ರವಾಸಿ ನೀವೊಬ್ಬರೇ ಆಗಿರುವ ಸಾಧ್ಯತೆಯೂ ಹೆಚ್ಚು. ಹೋಟೆಲು ಕೋಣೆಗೆ ಬಾರ್ಸಿಲೋನಾ ದುಬಾರಿ ಊರು, ಒಪ್ಪಬೇಕು. ಆದರೆ ಹಡಗಿನವರು ಮಾರುವ ಅರ್ಧ ದಿನದ ಬಸ್ ಪ್ರವಾಸವನ್ನು ನಾಲ್ಕು ಮಂದಿಗೆ ಕೊಂಡರೆ ಆಗುವ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿ ಆಮೇಲೆ ತೀರ್ಮಾನಿಸುವುದು ನ್ಯಾಯ.

ಎರಡು ದಿನದಲ್ಲಿ ಒಂದು ಊರು ಏನು ತಿಳಿದೀತು ಎಂದು ಕೇಳುವವರಿಗೆ ಹೇಳುವುದು ಇಷ್ಟೇ. ಪೂರ್ತಿ ತಿಳಿಯುವುದಿಲ್ಲ, ಆದರೆ ಒಂದು ದಿನಕ್ಕೂ ಎರಡು ದಿನಕ್ಕೂ ಇರುವ ಅಂತರ ಲೆಕ್ಕದ ಅಂತರವಲ್ಲ. ಎರಡನೆಯ ದಿನ ದಾರಿ ಕೇಳುವ ಅಗತ್ಯ ಬೀಳುವುದಿಲ್ಲ, ನಿನ್ನೆಯ ಕಾಫಿಯಂಗಡಿಯವಳು ಗುರುತು ಹಿಡಿಯುತ್ತಾಳೆ, ನಿನ್ನೆ ಮುಚ್ಚಿದ್ದ ಬಾಗಿಲು ಇಂದು ತೆರೆದಿರುತ್ತದೆ. ವಾಸ್ತುಶಿಲ್ಪಿ ಗೌಡಿಯ ಸಗ್ರಾದಾ ಫಮಿಲಿಯಾ ಚರ್ಚನ್ನು ಮೊದಲ ದಿನ ನೋಡಿದವರು ಮರುದಿನ ಅದರ ಎದುರಿನ ಗೌಡಿ ರಸ್ತೆಯಲ್ಲಿ ಹತ್ತು ನಿಮಿಷ ನಡೆದು, ದೊಮೆನೆಕ್ ಇ ಮೊಂತಾನೆರ್ ಎಂಬ ಗೌಡಿಯ ಸಮಕಾಲೀನ ಕಟ್ಟಿದ ಸಾಂತ್ ಪಾವು ಆಸ್ಪತ್ರೆಗೆ ಹೋಗಬಹುದು. ಬಡ ರೋಗಿಗಳಿಗೂ ಬಣ್ಣದ ಹೆಂಚು, ಹೂವಿನ ಚಿತ್ತಾರ, ತೋಟದ ಗಾಳಿ ಬೇಕೆಂದು ನಂಬಿ ಕಟ್ಟಿದ ಆ ಮಂಟಪಗಳನ್ನು ನೋಡಿದ ಮೇಲೆ ಗೌಡಿ ಒಂಟಿ ಪವಾಡವಲ್ಲ, ಒಂದು ಕಾಲದ ಊರೇ ಹಾಗೆ ಯೋಚಿಸುತ್ತಿತ್ತು ಎಂದು ತಿಳಿಯುತ್ತದೆ. ಆ ದಿನ ಭಾನುವಾರವಾಗಿದ್ದರೆ ಸಾಂತ್ ಆಂತೋನಿ ಮಾರುಕಟ್ಟೆಯ ಸುತ್ತ ಹಳೆ ಪುಸ್ತಕಗಳ ಸಂತೆ ನೆರೆದಿರುತ್ತದೆ. ವರ್ಷದ ಬಹುಪಾಲು ವಾರಾಂತ್ಯಗಳಲ್ಲಿ ಕೆಥೆಡ್ರಲ್ ಮುಂದೆ ಊರಿನವರು ಸರ್ದಾನಾ ಎಂಬ ಕುಣಿತ ಕುಣಿಯುತ್ತಾರೆ. ಬಂದವರು ತಮ್ಮ ಚೀಲ, ಕೋಟುಗಳನ್ನು ನೆಲದ ಮೇಲೆ ಒಂದೆಡೆ ರಾಶಿ ಹಾಕಿ, ಅದರ ಸುತ್ತ ಕೈ ಕೈ ಹಿಡಿದು ವೃತ್ತ ಕಟ್ಟುತ್ತಾರೆ. ಹೊಸಬ ಬಂದರೆ ಇಬ್ಬರ ನಡುವೆ ಜಾಗ ಮಾಡುತ್ತಾರೆ, ಅವನ ಚೀಲವೂ ರಾಶಿಗೆ ಸೇರುತ್ತದೆ. ಹೆಜ್ಜೆ ನೋಡಲು ಸುಲಭ, ಎಣಿಕೆ ಕಷ್ಟ.

ವಯಸ್ಸಾದವರು, ಗಾಲಿಕುರ್ಚಿ ಬಳಸುವವರು, ಆರೋಗ್ಯದ ತೊಂದರೆ ಇರುವವರು ಬೇರೆ ಮಾತು ಹೇಳುತ್ತಾರೆ. ಒಮ್ಮೆ ಪೆಟ್ಟಿಗೆ ಬಿಚ್ಚಿ ಇಟ್ಟರೆ ಮತ್ತೆ ಕಟ್ಟಬೇಕಿಲ್ಲ, ವೈದ್ಯರು ಒಳಗೇ ಇದ್ದಾರೆ, ಲಿಫ್ಟು ಇದೆ, ಇದಕ್ಕಾಗಿಯೇ ತಾವು ಹಡಗನ್ನು ಆರಿಸಿಕೊಂಡದ್ದು ಎಂದು. ಅವರು ಅದೇ ಹಡಗಿನಲ್ಲಿ ಬೆನ್ನಿಗೆ ಬೆನ್ನಾಗಿ ಎರಡು ಯಾನ ಮಾಡಿದರೆ ಅದರಲ್ಲಿ ತಪ್ಪಿಲ್ಲ. ಅವರ ಪಾಲಿಗೆ ಹಡಗೇ ಲೋಕ ನೋಡುವ ಏಕೈಕ ದಾರಿ ಆಗಿರಬಹುದು. ನನ್ನ ವಾದ ಕಾಲು ಗಟ್ಟಿ ಇದ್ದು, ಪಟ್ಟಿಗೆ ಇನ್ನೊಂದು ಊರಿನ ಹೆಸರು ಸೇರಿಸುವ ಆಸೆಗೆ ಆ ಎರಡು ದಿನವನ್ನು ಬಿಟ್ಟುಕೊಡುವವರ ಜತೆ.

ಹೀಗೆ ಜೋಡಿಸಿ ಹೋಗುವ ಭಾರತೀಯರು ವೀಸಾದ ವಿಷಯದಲ್ಲಿ ಎಚ್ಚರವಾಗಿರಬೇಕು. ಸ್ಪೇನ್, ಫ್ರಾನ್ಸ್, ಇಟಲಿ, ಗ್ರೀಸ್, 2023ರ ಜನವರಿಯಿಂದ ಕ್ರೊಯೇಷಿಯಾ ಕೂಡ, ಎಲ್ಲವೂ ಷೆಂಗೆನ್ ವ್ಯಾಪ್ತಿಯಲ್ಲಿವೆ. ಟರ್ಕಿ, ಟ್ಯುನೀಷಿಯಾ, ಮೊರಾಕೊ ಇಲ್ಲ. ಮೊದಲ ಯಾನ ಟ್ಯುನಿಸ್ಸಿಗೆ ಹೋಗಿ ಬಾರ್ಸಿಲೋನಾಗೆ ಮರಳುವುದಾದರೆ ಅಲ್ಲಿಗೆ ನೀವು ಷೆಂಗೆನ್ ಬಿಟ್ಟು ಮತ್ತೆ ಒಳಗೆ ಬಂದಂತೆ. ಒಂದೇ ಪ್ರವೇಶದ ವೀಸಾ ಇದ್ದವರ ಎರಡು ದಿನವೂ ಎರಡನೇ ಯಾನವೂ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಅರ್ಜಿಯಲ್ಲೇ ಹಲವು ಪ್ರವೇಶದ ವೀಸಾ ಕೇಳಿ, ಎರಡೂ ಯಾನಗಳ ಕಾಗದ, ನಡುವಿನ ಹೋಟೆಲಿನ ಕಾಗದ ಲಗತ್ತಿಸಬೇಕು. 180 ದಿನಗಳಲ್ಲಿ 90 ದಿನ ಎಂಬ ಮಿತಿಗೆ ಹಡಗಿನ ದಿನಗಳೂ ಸೇರುತ್ತವೆ. ನಡುವೆ ಒಂದು ರಾತ್ರಿ ಸಾಲದೇ ಎಂದರೆ ಸಾಲದು. ಮೊದಲ ದಿನದ ಅರ್ಧ, ಇಳಿದು, ಚೀಲ ಇಟ್ಟು, ಬಟ್ಟೆ ಒಗೆಸಿ, ತೀರಿದ ಮಾತ್ರೆ ಕೊಳ್ಳುವುದರಲ್ಲಿ ಹೋಗುತ್ತದೆ. ಮೊದಲ ಹಡಗು ಹವಾಮಾನದಿಂದ ತಡವಾದರೆ ಎರಡನೆಯ ಹಡಗು ಯಾರಿಗಾಗಿಯೂ ಕಾಯುವುದಿಲ್ಲ, ಆ ಹೆಚ್ಚಿನ ರಾತ್ರಿಯೇ ಆಗ ಕಾಪಾಡುವುದು.

ಈ ಮಾತು ನಮ್ಮ ಕರಾವಳಿಗೂ ತಾಗುತ್ತದೆ. ನವಮಂಗಳೂರು ಬಂದರಿಗೆ ಹೊರದೇಶದ ಕ್ರೂಸ್ ಹಡಗುಗಳು ಬರುವುದು ಮಳೆಗಾಲ ಮುಗಿದ ಮೇಲೆ, ಸುಮಾರಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ಬೆಳಿಗ್ಗೆ ಬರುತ್ತವೆ, ಸಂಜೆ ಹೊರಡುತ್ತವೆ. ಪ್ರಯಾಣಿಕರು ಬಸ್ಸಿನಲ್ಲಿ ಕದ್ರಿ ದೇವಸ್ಥಾನ, ಗೋಡಂಬಿ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಓಡುತ್ತಾರೆ. 1430ರ ಆ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ, ಅದನ್ನು ಪರೀಕ್ಷಿಸಿ ನೋಡುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಯಕ್ಷಗಾನ ಮೇಳಗಳ ತಿರುಗಾಟವೂ ಇದೇ ನವೆಂಬರಿನಿಂದ ಮೇ ತಿಂಗಳವರೆಗೇ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡ ವೇಷಗಳು ರಂಗಸ್ಥಳಕ್ಕೆ ಬರುವ ಹೊತ್ತಿಗೆ ಹಡಗು ಪಣಂಬೂರು ಬಿಟ್ಟು ಕೊಚ್ಚಿಯ ದಾರಿಯಲ್ಲಿರುತ್ತದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿದೆ, ನವಮಂಗಳೂರು ಬಂದರಿನಲ್ಲಿ ಇ-ವೀಸಾದ ಮೇಲೆ ಇಳಿಯುವ ಸೌಲಭ್ಯವಿದೆ. ವರ್ಷಕ್ಕೆ ಎಷ್ಟು ಹಡಗು ಬಂದವು ಎಂದು ಎಣಿಸುವ ಜತೆಗೆ ಎಷ್ಟು ಹಡಗು ರಾತ್ರಿ ತಂಗಿದವು, ಎಷ್ಟು ಯಾನ ಇಲ್ಲಿಂದ ಹೊರಟವು ಎಂಬುದನ್ನೂ ಬಂದರು ಪ್ರಕಟಿಸಲಿ. ಹಡಗು ಕಂಪನಿಗಳೊಡನೆ ಮಾತಾಡುವಾಗ ಒಂದು ರಾತ್ರಿಯ ತಂಗುವಿಕೆಗೆ ಬಂದರು ಶುಲ್ಕದಲ್ಲಿ ರಿಯಾಯಿತಿ ಕೊಡುವ ಮಾತೆತ್ತಲಿ. ಮೇಳಗಳ ಆಟ ಯಾವ ಊರಿನಲ್ಲಿ ಯಾವ ರಾತ್ರಿ ಎಂಬ ಪಟ್ಟಿ ಹೇಗೂ ಮೊದಲೇ ಗೊತ್ತಿರುತ್ತದೆ. ಹಡಗುಗಳ ವೇಳಾಪಟ್ಟಿಯೂ ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗಿರುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಕೆಲಸ ಬಂದರಿನವರೂ ಪ್ರವಾಸೋದ್ಯಮ ಇಲಾಖೆಯವರೂ ಸೇರಿದರೆ ಈ ನವೆಂಬರಿನಿಂದಲೇ ಆಗಬಹುದಾದದ್ದು.